ಪಟ್ಟಿಯಲ್ಲಿಲ್ಲದ ಕೆಲಸ

“ಏಯ್, ಮುಚ್ಚಳ ಮುಚ್ಚೇ ದರಿದ್ರದವಳೆ. ಇಲ್ಲಿ ಮನುಷ್ಯರು ತಿಂಡಿ ತಿಂತಿದೀವಿ.”

ನೆಲಮಹಡಿಯಲ್ಲಿದ್ದ ನಿವಾಸಿಗಳ ಸಂಘದ ಅಧ್ಯಕ್ಷರು ಕಿಟಕಿಯ ಸರಳಿನ ಹಿಂದೆ ಮೂಗು ಹಿಡಿದುಕೊಂಡು ಹೀಗೆ ಹೇಳುವಾಗ ಬಿದಿರಮ್ಮ ಹಿತ್ತಲಿನ ಚೇಂಬರಿನ ಮುಂದೆ, ಅಂದರೆ ಇಡೀ ಕಟ್ಟಡದ ಕಕ್ಕಸುಗಳೆಲ್ಲ ಬಂದು ಸೇರುವ ಗುಂಡಿಯ ಮುಂದೆ, ಮಂಡಿಯೂರಿ ಕೂತಿದ್ದಳು. ಬಲಗೈ ಮೊಣಕೈವರೆಗೆ ಒಳಗಿತ್ತು. ಮುಚ್ಚಳ ಮುಚ್ಚಿದರೆ ಕೈಯನ್ನು ಎಲ್ಲಿಡಲಿ ಎಂದು ಅವಳು ಕೇಳಲಿಲ್ಲ. ಉದ್ದನೆಯ ಬಿದಿರು ದಬ್ಬೆಯನ್ನು ಕೊಳವೆಯೊಳಕ್ಕೆ ಇನ್ನೊಂದು ಮಾರು ನೂಕಿ, ತಿರುಚಿ, ಉಸಿರು ಬಿಗಿಹಿಡಿದು ಎಳೆದಳು. ಮೊದಲು ಒಂದು ಮಗುವಿನ ಡೈಪರು ಬಂತು. ಅದರ ಹಿಂದೆ ನಾಲ್ಕು ಮನೆಯ ಕೂದಲು ಸೇರಿ ಹೆಣೆದುಕೊಂಡಿದ್ದ ಒಂದು ಜಡೆ ಬಂತು. ಆಮೇಲೆ ಗಂಟಲು ಸರಿಮಾಡಿಕೊಂಡ ಹಾಗೆ ಕೊಳವೆ ಒಂದು ಸಲ ಕೆಮ್ಮಿ, ಸರಸರನೆ ಹರಿಯಿತು. ಆ ಸದ್ದು ಕೇಳಿಸಿಕೊಂಡ ಮೇಲೆಯೇ ಅವಳು ಮುಚ್ಚಳ ಎಳೆದದ್ದು.

“ಆಯ್ತು ಸಾರ್, ಇನ್ನು ತಿನ್ನಿ” ಎಂದಳು.

ಆ ‘ತಿನ್ನಿ’ ಅಧ್ಯಕ್ಷರಿಗೆ ಸರಿ ಕಾಣಲಿಲ್ಲ. ಏನೋ ಹೇಳಲು ಬಾಯಿ ತೆರೆದರು. ವಾಸನೆ ಬಾಯೊಳಕ್ಕೇ ಹೋಯಿತು. ಕಿಟಕಿ ಹಾಕಿಕೊಂಡರು.

ನೆಲಮಹಡಿ ಬಿಟ್ಟು ನಾಲ್ಕು ಮಹಡಿ, ಒಟ್ಟು ನಲವತ್ತೆಂಟು ಮನೆ. ಮೇಲೆ ಯಾರು ಏನೇ ಉಂಡು ಯಾವ ಭಾಷೆಯಲ್ಲೇ ತೇಗಿದರೂ ಕೊನೆಗೆ ಎಲ್ಲವೂ ಈ ಒಂದು ಗುಂಡಿಗೆ ಬಂದು, ಒಂದೇ ಒಂದು ಸೊಟ್ಟ ಕೊಳವೆಯಲ್ಲಿ ತೂರಿ ಬೀದಿಯ ಚರಂಡಿ ಸೇರಬೇಕು. ಕೊಳವೆ ಸೊಟ್ಟ ಎಂಬುದು ಕಟ್ಟಡದಲ್ಲಿ ಬಿದಿರಮ್ಮನಿಗೆ ಒಬ್ಬಳಿಗೇ ಗೊತ್ತು. ಕಟ್ಟುವ ಕಾಲದಲ್ಲಿ ಅವಳು ಇಲ್ಲೇ ಇಟ್ಟಿಗೆ ಹೊತ್ತವಳು. ಅವಳ ಗಂಡ ಕೊಳವೆ ಕೂರಿಸಿದವನು. ಇಲ್ಲಿ ಮೊಣಕೈ ಥರ ತಿರುಗಿಸಿದರೆ ವಾರಕ್ಕೆರಡು ಸಲ ಕಟ್ಟಿಕೊಳ್ಳುತ್ತೆ ಸಾರ್ ಎಂದು ಅವನು ಹೇಳಿದ್ದಕ್ಕೆ, ನೀನೇನು ಎಂಜಿನಿಯರಾ ಬೋಳಿಮಗನೆ ಎಂದು ಗುತ್ತಿಗೆದಾರ ಕೇಳಿದ್ದ. ಗಂಡ ಎಂಜಿನಿಯರ್ ಆಗಿರಲಿಲ್ಲ. ಹಾಗಾಗಿ ಸೊಟ್ಟಗೇ ಕೂರಿಸಿದ. ಅವನು ಹೋಗಿ ಹನ್ನೊಂದು ವರ್ಷವಾಯಿತು. ಅವನ ಮಾತು ಮಾತ್ರ ತಪ್ಪದೆ ಪ್ರತಿ ಮಂಗಳವಾರ, ಪ್ರತಿ ಶನಿವಾರ ನಿಜವಾಗುತ್ತಿತ್ತು. ಗಂಡನ ಮಾತು ನಿಜವಾದಾಗಲೆಲ್ಲ ಹೆಂಡತಿ ದಬ್ಬೆ ಹಿಡಿಯುತ್ತಿದ್ದಳು. ಗೇಟು ಕಾಯುವ ಗೇಟಣ್ಣ ಅವಳಿಗೆ ಬಿದಿರಮ್ಮ ಎಂದು ಹೆಸರಿಟ್ಟದ್ದು ಇದರಿಂದಲೇ.

ಗಂಡ ನೆಟ್ಟಗೆ ಕೂರಿಸಿದ ಕೊಳವೆಯೂ ಅಲ್ಲಿ ಒಂದಿತ್ತು. ಪಂಪಿನ ಮನೆಯ ಹಿಂದೆ ನಾಲ್ಕಡಿ ಆರಡಿಯ ಒಂದು ಕಕ್ಕಸು, ತಗಡಿನ ಬಾಗಿಲಿನದು. ಕಟ್ಟಡಕ್ಕಿಂತ ಹಳೆಯದು. ಕೂಲಿಯವರು ತಮಗಾಗಿ ಮೊದಲು ಕಟ್ಟಿಕೊಂಡದ್ದು ಅದನ್ನೇ. ಆಮೇಲೆ ಇವರಿಗಾಗಿ ನಾಲ್ಕು ಮಹಡಿ ಎದ್ದಿತು. ಅದರ ಕೊಳವೆಗೂ ಕಟ್ಟಡದ ಚೇಂಬರಿಗೂ ಸಂಬಂಧವಿಲ್ಲ. ಗುತ್ತಿಗೆದಾರ ನೋಡದ ಹೊತ್ತಿನಲ್ಲಿ ಹಾಕಿದ್ದರಿಂದ ನೇರವಾಗಿ ಬೀದಿಗೆ ಹೋಗಿತ್ತು. ಗುಡಿಸುವವರು, ಕಾರು ತೊಳೆಯುವವರು, ಮನೆಗೆಲಸದ ಹೆಂಗಸರು, ಗೇಟಣ್ಣ ಎಲ್ಲರಿಗೂ ಅದೊಂದೇ.

ಒಂದೇ ಎಂದರೆ ಮೂರು ತಿಂಗಳ ಹಿಂದಿನ ಮಾತು. ಸಂಘದವರು ಸಭೆಗೆಂದು ನಲವತ್ತು ಹೊಸ ಕುರ್ಚಿ ತಂದರು. ಕುರ್ಚಿಗಳನ್ನು ಬಿಸಿಲಿಗೆ ಇಡುವಂತಿಲ್ಲ, ಬಣ್ಣ ಹೋಗುತ್ತದೆ. ಮಳೆಗೆ ಇಡುವಂತಿಲ್ಲ. ಯಾರ ಮನೆಯಲ್ಲೂ ಜಾಗವಿಲ್ಲ. ಅವುಗಳ ಕಷ್ಟ ನೋಡಲಾಗದೆ ಕಮಿಟಿ ಒಂದು ಸಂಜೆ ಕೂತು ಯೋಚಿಸಿತು. ಮಾರನೆಯ ದಿನ ಕಕ್ಕಸಿನ ಕುಳಿಗೆ ಹಲಗೆ ಮುಚ್ಚಿ, ಕುರ್ಚಿಗಳನ್ನು ಹತ್ತತ್ತರಂತೆ ನಾಲ್ಕು ಸಾಲು ಪೇರಿಸಿ, ತಗಡಿನ ಬಾಗಿಲಿಗೆ ಹಿತ್ತಾಳೆಯ ಬೀಗ ಹಾಕಿದರು. ಪೇರಿಸಿದವಳು ಬಿದಿರಮ್ಮನೇ. ಕೀ ಅಧ್ಯಕ್ಷರ ಮನೆಯ ಗೋಡೆಗೆ ಹೋಯಿತು.

ಮತ್ತೆ ನಾವು ಎಲ್ಲಿಗೆ ಹೋಗೋದು ಎಂದು ಗೇಟಣ್ಣ ಕೇಳಿದ. ಬೀದಿಯ ಕೊನೆಯಲ್ಲಿ ಬಸ್ ನಿಲ್ದಾಣದ ಹಿಂದೆ ಸಾರ್ವಜನಿಕ ಶೌಚಾಲಯ ಇದೆಯಲ್ಲ ಎಂದರು. ಅಲ್ಲಿಗೆ ಹೋಗಲು ಏಳು ನಿಮಿಷ, ಬರಲು ಏಳು ನಿಮಿಷ. ದಿನಕ್ಕೆ ಎರಡು ಸಲ, ಸಲಕ್ಕೆ ಹದಿನೈದು ನಿಮಿಷ ಎಂದು ಕಮಿಟಿ ಮಂಜೂರು ಮಾಡಿತು. ಉಳಿದ ಆ ಒಂದು ನಿಮಿಷದಲ್ಲಿ ಮಾಡಬೇಕಾದ್ದನ್ನು ಮಾಡಬಹುದು. ಗೇಟಿನಲ್ಲಿ ಒಂದು ಪುಸ್ತಕ ಇಟ್ಟರು: ಹೆಸರು, ಹೊರಟ ಸಮಯ, ಬಂದ ಸಮಯ, ಕಾರಣ. ಮೊದಲ ದಿನ ಗೇಟಣ್ಣ ಕಾರಣದ ಕೆಳಗೆ ಏನೂ ಬರೆಯಲಿಲ್ಲ. ಕಾರ್ಯದರ್ಶಿ ಮೇಡಂ ಬಂದು, ಕಾಲಂ ಖಾಲಿ ಬಿಡಬಾರದು ಎಂದು ಬೈದು ಹೋದರು. ಆಮೇಲಿಂದ ಅವನು ಹೆಂಗಸರ ಮುಖ ನೋಡದೆ, ಆಕಾಶ ನೋಡುತ್ತ ಕೇಳುವುದಕ್ಕೆ ಶುರು ಮಾಡಿದ: “ಒಂದಕ್ಕಾ ಎರಡಕ್ಕಾ ಅಕ್ಕ? ತಪ್ಪು ತಿಳ್ಕೋಬೇಡ, ಕಾಲಂ ಇದೆ.”

ಹೆಂಗಸರು ಅದಕ್ಕೊಂದು ದಾರಿ ಕಂಡುಕೊಂಡರು. ನೀರು ಕುಡಿಯುವುದನ್ನು ಬಿಟ್ಟರು. ಬಿದಿರಮ್ಮ ಬೆಳಿಗ್ಗೆ ಆರಕ್ಕೆ ಬಂದರೆ ಮಧ್ಯಾಹ್ನ ಮೂರರವರೆಗೆ ತುಟಿಗೆ ಒಂದು ಹನಿ ಮುಟ್ಟಿಸುತ್ತಿರಲಿಲ್ಲ. ವಾರವಾಗುವಷ್ಟರಲ್ಲಿ ಉರಿ ಶುರುವಾಯಿತು. ಉರಿಯನ್ನಾದರೂ ಅವಳು ತಡೆದುಕೊಂಡಾಳು. ಅವಳಿಗಿದ್ದ ಚಿಂತೆ ಸೊಸೆಯದು.

ಸೊಸೆಗೆ ಏಳು ತಿಂಗಳು. ಅವಳು ನಾಲ್ಕನೆಯ ಮಹಡಿಯಲ್ಲಿ ಕಾರ್ಯದರ್ಶಿ ಮೇಡಂ ಮನೆಯಲ್ಲಿ ಕೆಲಸಕ್ಕಿದ್ದಳು. ಮಗ ಲಾರಿಯ ಮೇಲೆ ಊರೂರು. ತಿಂಗಳಿಗೊಮ್ಮೆ ಬಂದು ಹೆಂಡತಿಯ ಹೊಟ್ಟೆ ನೋಡಿ, ಬೆಳೆದಿದೆ ಎಂದು ಆಶ್ಚರ್ಯಪಟ್ಟು ಹೋಗುತ್ತಿದ್ದ. ಹೊಟ್ಟೆಯೊಳಗಿನದಕ್ಕೆ ಕಮಿಟಿಯ ಮಂಜೂರಾತಿ ತಿಳಿಯುತ್ತಿರಲಿಲ್ಲ. ಅದು ಗಂಟೆಗೊಂದು ಸಲ ಒದೆಯುವುದು, ಒದ್ದಾಗಲೆಲ್ಲ ಸೊಸೆ ಕಾಲು ಹೆಣೆದುಕೊಂಡು ಪಾತ್ರೆ ತೊಳೆಯುವುದು. ಮೇಡಂ ಮನೆಯಲ್ಲಿ ಮೂರು ಬಾತ್‌ರೂಮು. ಮೂರನ್ನೂ ದಿನಾ ಉಜ್ಜಿ ಹೊಳೆಯಿಸುವವಳು ಸೊಸೆಯೇ. ಒಂದು ದಿನ ತಡೆಯಲಾರದೆ ಕೇಳಿದಳು. ಮೇಡಂ ಬೈಯಲಿಲ್ಲ, ಅವರು ಬೈಯುವವರಲ್ಲ. ತಪ್ಪು ತಿಳ್ಕೋಬೇಡಮ್ಮ, ನಿನಗೂ ಮಗುವಿಗೂ ಸೋಂಕಾಗಬಾರದು ಅಂತ ಹೇಳ್ತಿದೀನಿ ಎಂದರು. ಬದಲಿಗೆ ಕಮಿಟಿಯಲ್ಲಿ ಮಾತಾಡಿ, ಕೆಲಸದವರು ಹತ್ತಬಾರದ ಲಿಫ್ಟಿನಲ್ಲಿ ಸೊಸೆ ಇಳಿದು ಹೋಗಬಹುದೆಂದು ಒಂದು ಚೀಟಿ ಕೊಡಿಸಿದರು. ಮಾನವೀಯ ದೃಷ್ಟಿಯಿಂದ ಎಂದು ಚೀಟಿಯಲ್ಲಿ ಬರೆದಿತ್ತು.

ಅನಾಹುತ ಆದದ್ದು ಆ ಲಿಫ್ಟಿನಲ್ಲಿಯೇ.

ಭಾನುವಾರ ಹತ್ತು ಗಂಟೆಗೆ, ಕಾರು ನಿಲ್ಲಿಸುವ ಜಾಗದಲ್ಲಿ ಸಭೆ. ಬಿದಿರಮ್ಮ ಕಕ್ಕಸಿನಿಂದ ಕುರ್ಚಿಗಳನ್ನು ತಂದು ಹಾಕಿ, ಒಂದೊಂದನ್ನೂ ಒರೆಸಿದಳು. ನಲವತ್ತು ಕುರ್ಚಿಗೆ ಹದಿನಾರು ಜನ ಬಂದರು. ಮೊದಲನೆಯ ವಿಷಯ ನಾಯಿಗಳದು. ಕಟ್ಟಡದಲ್ಲಿ ಒಂಬತ್ತು ನಾಯಿಗಳಿದ್ದವು. ಅವು ಹೊತ್ತಾದಾಗ ಎಲ್ಲಿಗೆ ಹೋಗಬೇಕು ಎಂಬುದು ಪ್ರಶ್ನೆ. ಬೀದಿಗೆ ಕರೆದೊಯ್ಯುವುದು ಕಷ್ಟ, ತಡೆಹಿಡಿದರೆ ಅವುಗಳ ಮೂತ್ರಪಿಂಡಕ್ಕೆ ತೊಂದರೆ ಎಂದು ಎರಡನೆಯ ಮಹಡಿಯ ವಕೀಲರು ಓದಿ ಬಂದಿದ್ದನ್ನು ಹೇಳಿದರು. ಹಿತ್ತಲಿನ ಒಂದು ಮೂಲೆಗೆ ಮರಳು ಹಾಕಿಸಿ, ನೆರಳಿಗೆ ತಗಡು ಹೊದಿಸಿ ಕೊಡುವುದೆಂದು ಎರಡು ನಿಮಿಷದಲ್ಲಿ ತೀರ್ಮಾನವಾಯಿತು. ಯಾರೂ ಬೇಡ ಎನ್ನಲಿಲ್ಲ.

ಎರಡನೆಯ ವಿಷಯಕ್ಕೆ ಕಾರ್ಯದರ್ಶಿ ಮೇಡಂ ದೊಡ್ಡ ಟೀವಿ ತರಿಸಿದ್ದರು. ಸೊಸೆಯನ್ನು ಕರೆದು ಅದರ ಪಕ್ಕ ನಿಲ್ಲಿಸಿದರು. ಬಿದಿರಮ್ಮ ಚಹಾದ ತಟ್ಟೆ ಹಿಡಿದು ಕೊನೆಯ ಸಾಲಿನಲ್ಲಿದ್ದಳು.

“ಇದು ಯಾರ ಮೇಲಿನ ದ್ವೇಷದಿಂದಲೂ ಅಲ್ಲ” ಎಂದರು ಮೇಡಂ. “ಎಲ್ಲರಿಗೂ ವಿಷಯ ಗೊತ್ತಿರಲಿ ಅಂತ, ಅಷ್ಟೇ.”

ಟೀವಿಯಲ್ಲಿ ಲಿಫ್ಟು ಬಂತು. ಕ್ಯಾಮೆರಾ ಮೇಲಿನಿಂದ ನೋಡಿದ ಹಾಗೆ ಸೊಸೆಯ ತಲೆ, ತಲೆಯ ಕೆಳಗೆ ಹೊಟ್ಟೆ. ಲಿಫ್ಟು ಎರಡನೆಯ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಬಾಗಿಲಿಗೆ ಅಡ್ಡವಾಗಿ ಒಂದು ಕೈ ಬಂತು. ಕೈಗೆ ಅಗಲ ಪಟ್ಟಿಯ ಗಡಿಯಾರ. ಕೈ ಹಾಗೇ ನಿಂತಿತು. ಆ ಕೈಯವರು ಮನೆಯೊಳಗೆ ಯಾರಿಗೋ ನಾಯಿಯ ಸರಪಳಿ ತರುವುದಕ್ಕೆ ಹೇಳುತ್ತಿದ್ದರೆಂದು ಸೊಸೆ ಆಮೇಲೆ ಅತ್ತೆಗೆ ಹೇಳಿದ್ದಳು. ಒಂದು ನಿಮಿಷವಾಯಿತು, ಎರಡಾಯಿತು. ಟೀವಿಯಲ್ಲಿ ಸೊಸೆ ಕೈ ಮುಗಿದಳು. ಕೈ ಸರಿಯಲಿಲ್ಲ. ಅವಳು ಗೋಡೆ ಹಿಡಿದಳು. ಆಮೇಲೆ ಅವಳ ಕಾಲ ಬಳಿ ನೆಲದ ಬಣ್ಣ ಬದಲಾಯಿತು.

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಯಾರೋ ಥೂ ಎಂದರು. ಸರಿಯಾಗಿ ಕಾಣಲಿಲ್ಲ ಎಂದು ತಡವಾಗಿ ಬಂದವರೊಬ್ಬರು ಹೇಳಿದ್ದರಿಂದ ಇನ್ನೊಮ್ಮೆ ಹಾಕಬೇಕಾಯಿತು. ವಕೀಲರು ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡು, “ಅಷ್ಟು ಹಿಂದಿನಿಂದ ಬೇಡ, ಮುಖ್ಯವಾದ್ದಷ್ಟೇ ಹಾಕಿ” ಎಂದರು. ಮುಖ್ಯವಾದ್ದಷ್ಟೇ ಹಾಕಿದರು.

ಸೊಸೆ ಟೀವಿಯ ಪಕ್ಕ ನಿಂತು, ಟೀವಿಯೊಳಗಿನ ಸೊಸೆಯನ್ನು ನೋಡದೆ, ತನ್ನ ಕಾಲಬೆರಳನ್ನು ನೋಡುತ್ತಿದ್ದಳು. ಬಿದಿರಮ್ಮನ ಕೈಯಲ್ಲಿದ್ದ ತಟ್ಟೆಯಲ್ಲಿ ಹದಿನಾರು ಲೋಟವೂ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಸದ್ದು ಮಾಡಬೇಡ ಎಂದು ಅಧ್ಯಕ್ಷರು ಹೇಳಿದರು.

ತೀರ್ಮಾನ ಹೀಗಾಯಿತು. ಲಿಫ್ಟಿನ ಚೀಟಿ ರದ್ದು. ಸೊಸೆ ತಪ್ಪೊಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಮುಂದಿನ ಭಾನುವಾರದೊಳಗೆ ಕೊಡಬೇಕು. ಅದನ್ನು ಲಿಫ್ಟಿನಲ್ಲಿ ಒಂದು ತಿಂಗಳು ಅಂಟಿಸಲಾಗುವುದು. ಕೊಡದಿದ್ದರೆ ಗೇಟಿನೊಳಕ್ಕೆ ಬರುವಂತಿಲ್ಲ. ಪತ್ರವನ್ನು ಕಮಿಟಿಯೇ ಬರೆದು ಕೊಡುತ್ತದೆ, ಅವಳು ಅದಕ್ಕೆ ಕಷ್ಟಪಡಬೇಕಾಗಿಲ್ಲ.

ಬಿದಿರಮ್ಮ ಚಹಾ ಹಂಚಿ ತಟ್ಟೆ ಕೆಳಗಿಟ್ಟಳು. ಸೊಸೆಯ ಹೆರಿಗೆಯಾಗುವವರೆಗಾದರೂ ಹಿಂದಿನ ಕಕ್ಕಸಿನ ಬೀಗ ತೆಗೆಯಬೇಕು, ಕುರ್ಚಿಗಳನ್ನು ತಾನೇ ದಿನಾ ಹೊರಗಿಟ್ಟು ಒಳಗಿಡುತ್ತೇನೆ ಎಂದು ಕೇಳಿಕೊಂಡಳು. ಅಧ್ಯಕ್ಷರು ಅಜೆಂಡಾ ತಿರುವಿ ನೋಡಿದರು. “ಇದರಲ್ಲಿ ಇಲ್ಲವಲ್ಲಮ್ಮ” ಎಂದರು. “ಬರೆದಿಲ್ಲದ್ದನ್ನ ಚರ್ಚೆ ಮಾಡೋಕಾಗಲ್ಲ.”

ಬರೆದದ್ದರಲ್ಲಿ ಇನ್ನೊಂದು ವಿಷಯ ಉಳಿದಿತ್ತು, ಅದೂ ಬಿದಿರಮ್ಮನದೇ. ಮೊದಲ ಮಹಡಿಯವರು ಅವಳಿಂದ ತರಕಾರಿ ಚೀಲ ಹೊರಿಸುತ್ತಾರೆಂದು ಮೂರನೆಯ ಮಹಡಿಯವರ ದೂರು; ಮೂರನೆಯ ಮಹಡಿಯವರು ಅವಳಿಂದ ಫ್ಯಾನು ಒರೆಸಿಸಿದ್ದಾರೆಂದು ಮೊದಲ ಮಹಡಿಯವರ ದೂರು. ಎಲ್ಲರ ಆಸ್ತಿಯನ್ನು ಕೆಲವರೇ ಬಳಸಿಕೊಳ್ಳಬಾರದು ಎಂದು ಗದ್ದಲವೆದ್ದಿತು. ಕೊನೆಗೆ ವಕೀಲರು ಅವಳ ಕೆಲಸಗಳ ಪಟ್ಟಿಯೊಂದನ್ನು ಬರೆದರು: ಮೆಟ್ಟಿಲು ಗುಡಿಸುವುದು, ನೆಲ ಒರೆಸುವುದು, ಕಸದ ಡಬ್ಬಿ ಹೊರಗಿಡುವುದು, ಸಭೆಗೆ ಕುರ್ಚಿ ಹಾಕಿ ತೆಗೆಯುವುದು. ಕೆಳಗೆ ದಪ್ಪ ಅಕ್ಷರದಲ್ಲಿ, ಪಟ್ಟಿಯಲ್ಲಿಲ್ಲದ ಯಾವ ಕೆಲಸವನ್ನೂ ಯಾರು ಹೇಳಿದರೂ ಮಾಡತಕ್ಕದ್ದಲ್ಲ, ಮಾಡಿದರೆ ಕೆಲಸದಿಂದ ತೆಗೆಯಲಾಗುವುದು ಎಂದು ಸೇರಿಸಿದರು.

“ಚೇಂಬರು ಸಾರ್?” ಎಂದಳು ಬಿದಿರಮ್ಮ.

ಎಲ್ಲರೂ ಕೈಲಿದ್ದ ಚಹಾ ಲೋಟ ಕೆಳಗಿಟ್ಟರು.

“ಅದನ್ನ ಬರೀಬಾರದು” ಎಂದು ವಕೀಲರು ತಗ್ಗಿದ ದನಿಯಲ್ಲಿ ಸಭೆಗೆ ತಿಳಿಸಿದರು. “ಮನುಷ್ಯರ ಕೈಲಿ ಅದನ್ನ ಮಾಡಿಸೋದು ಅಪರಾಧ. ಬರೆದ್ರೆ ನಮ್ಮ ಮೇಲೆ ನಾವೇ ಸಾಕ್ಷಿ ಬರ್ಕೊಟ್ಟಂಗೆ.”

“ಬರೆಯೋದೇನು ಬಂತು” ಎಂದರು ಅಧ್ಯಕ್ಷರು. “ಅದು ಇಷ್ಟು ವರ್ಷ ತಾನಾಗೇ ನಡ್ಕೊಂಡು ಬಂದಿಲ್ವಾ? ಹಂಗೇ ನಡ್ಕೊಂಡು ಹೋಗುತ್ತೆ.”

ಬಿದಿರಮ್ಮ ಪಟ್ಟಿಗೆ ಹೆಬ್ಬೆಟ್ಟು ಒತ್ತಿದಳು. ಅಧ್ಯಕ್ಷರು, ಕಾರ್ಯದರ್ಶಿ, ವಕೀಲರು ಸಹಿ ಹಾಕಿದರು. ಅವಳಿಗೊಂದು ಪ್ರತಿ ಕೊಟ್ಟರು.

ಸಂಜೆ ಅದನ್ನು ಗೇಟಣ್ಣನಿಂದ ಓದಿಸಿದಳು. ಮುಗಿದ ಮೇಲೆ ಇನ್ನೊಂದು ಸಲ ಓದು ಎಂದಳು. ಮೂರನೆಯ ಸಲ ಕೇಳಿದಾಗ ಅವನಿಗೆ ರೇಗಿತು.

“ಏನಕ್ಕ, ಇದೇನು ಹಾಡಾ? ನಾಲ್ಕು ಕೆಲಸ, ಒಂದು ಬೆದರಿಕೆ. ಅಷ್ಟೇ ಇರೋದು.”

“ಆ ಬೆದರಿಕೇನ ಮಾತ್ರ ಇನ್ನೊಂದ್ಸಲ ಓದಣ್ಣ. ಅದೇ ಚೆನ್ನಾಗಿರೋದು.”

ಗೇಟಣ್ಣ ಓದತೊಡಗಿದವನು ಅರ್ಧಕ್ಕೆ ನಿಲ್ಲಿಸಿ ಅವಳ ಮುಖ ನೋಡಿದ. ಆಮೇಲೆ ಉಳಿದದ್ದನ್ನು ಬಹಳ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಓದಿದ.

ಮಂಗಳವಾರ ಬಿದಿರಮ್ಮ ಮೆಟ್ಟಿಲು ಗುಡಿಸಿದಳು, ನೆಲ ಒರೆಸಿದಳು, ಡಬ್ಬಿ ಹೊರಗಿಟ್ಟಳು. ದಬ್ಬೆ ಪಂಪಿನ ಮನೆಯ ಗೋಡೆಗೆ ಒರಗಿಯೇ ಇತ್ತು. ಬುಧವಾರ ಸಿಕ್ಕಾಗ ಅಧ್ಯಕ್ಷರು ಖುಷಿಯಾಗಿದ್ದರು. ನೋಡು, ಪಟ್ಟಿ ಮಾಡಿದ ಮೇಲೆ ಎಷ್ಟು ಶಿಸ್ತು ಬಂತು, ಈ ವಾರ ತಿಂಡಿ ಹೊತ್ತಿಗೆ ವಾಸನೆಯೇ ಇಲ್ಲ ಎಂದರು. ಹೌದು ಸಾರ್, ಬರವಣಿಗೆಯಲ್ಲಿದ್ದರೆ ಎಲ್ಲ ಸಲೀಸು ಎಂದಳು.

ಸೊಸೆಗೆ ಮಾತ್ರ ನಿದ್ದೆಯಿಲ್ಲ. ಈಗ ಲಿಫ್ಟೂ ಇಲ್ಲ, ಗಂಟೆಗೊಮ್ಮೆ ನಾಲ್ಕು ಮಹಡಿ ಮೆಟ್ಟಿಲಿಳಿಯೋಣವೆಂದರೆ ಪುಸ್ತಕದಲ್ಲಿ ದಿನಕ್ಕೆರಡೇ ಸಲ. ನೀರು ಬಿಟ್ಟಳು. ಕಾಲು ಊದಿಕೊಂಡವು. ದವಾಖಾನೆಯ ನರ್ಸು ಅವಳ ಕಣ್ಣುರೆಪ್ಪೆ ಬಿಡಿಸಿ ನೋಡಿ, ದಿನಾ ಮೂರು ಲೀಟರ್ ನೀರು ಕುಡಿಯದಿದ್ದರೆ ಮಗು ಕಳ್ಕೊಳ್ತೀಯ ಎಂದು ಗದರಿ ಕಳಿಸಿದ್ದಳು.

“ಅತ್ತೆ, ಆ ಕಾಗದಕ್ಕೆ ಒತ್ಬಿಡ್ತೀನಿ” ಎಂದಳು ಶುಕ್ರವಾರ, ಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತು. “ಒಂದು ತಿಂಗಳು ತಾನೇ ಅಂಟಿಸೋದು. ನೋಡೋರು ನೋಡ್ಲಿ.”

ಬಿದಿರಮ್ಮ ಅವಳ ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡು ಒತ್ತಿದಳು. ಒತ್ತಿದಲ್ಲಿ ಬೆರಳಿನ ಗುಳಿ ಹಾಗೇ ಉಳಿಯಿತು. “ಒತ್ತುವೆಯಂತೆ. ಭಾನುವಾರದವರೆಗೆ ಟೈಮಿದೆ ಅಂತ ಅವರೇ ಬರೆದಿದಾರಲ್ಲ. ಮುಂಚೆ ಕೊಟ್ರೆ ಅವರ ಮಾತಿಗೆ ಬೆಲೆ ಎಲ್ಲುಳೀತು ಕಣಮ್ಮ?”

ಶನಿವಾರ ಬೆಳಿಗ್ಗೆ ಚೇಂಬರಿನ ಮುಚ್ಚಳದ ಅಂಚಿನಲ್ಲಿ ಗುಳ್ಳೆ ಏಳುತ್ತಿತ್ತು. ಬಿದಿರಮ್ಮ ಅದರ ಸುತ್ತ ಬಿದ್ದಿದ್ದ ಎಲೆ ಗುಡಿಸಿದಳು. ಮುಚ್ಚಳದ ಮೇಲೆ ಪೊರಕೆ ಆಡಿಸಲಿಲ್ಲ. ಅದು ಮೆಟ್ಟಿಲಲ್ಲ.

ಭಾನುವಾರ ಏಳು ಗಂಟೆಗೆ ಅಧ್ಯಕ್ಷರ ಮನೆಯಿಂದ ಕೂಗು ಕೇಳಿಸಿತು. ಸ್ನಾನಕ್ಕೆ ಹೋದವರು ಟವೆಲಿನಲ್ಲೇ ಹಿತ್ತಲಿಗೆ ಓಡಿ ಬಂದರು. ಅವರ ಎರಡು ಬಾತ್‌ರೂಮಿನಲ್ಲೂ ನಲವತ್ತೆಂಟು ಮನೆಗಳು ಏಳುತ್ತಿದ್ದವು. ಕಮೋಡಿನಿಂದ ಬಂತು, ನೆಲದ ಜಾಲರಿಯಿಂದ ಬಂತು, ಹೊಸ್ತಿಲು ದಾಟಿ ಹಾಲಿನ ಕಂಬಳಿಯ ಕಡೆಗೆ ಹೊರಟಿತು. ಮೇಲಿನವರಿಗೆ ಇದು ಗೊತ್ತಿರಲಿಲ್ಲ. ಭಾನುವಾರ, ಎಲ್ಲರೂ ನಿಧಾನವಾಗಿ ಎದ್ದು, ನಿಧಾನವಾಗಿ ಕೂತು, ಒಬ್ಬೊಬ್ಬರಾಗಿ ಫ್ಲಶ್ಶಿನ ಗುಂಡಿ ಒತ್ತುತ್ತಿದ್ದರು. ಒತ್ತಿದ್ದೆಲ್ಲ ಅಧ್ಯಕ್ಷರಿಗೆ ಸಲ್ಲುತ್ತಿತ್ತು.

“ಏ ಬಿದಿರಮ್ಮ, ದಬ್ಬೆ ತಗೊಂಡು ಬಾರೆ ಬೇಗ. ಎಲ್ಲಿ ಸತ್ತಿದ್ದೆ ನೀನು ವಾರವೆಲ್ಲ?”

“ಮೆಟ್ಟಿಲ ಮೇಲಿದ್ದೆ ಸಾರ್” ಎಂದಳು ಬಿದಿರಮ್ಮ. ಪಟ್ಟಿಯನ್ನು ನಾಲ್ಕು ಮಡಿಕೆ ಬಿಡಿಸಿ ಅವರಿಗೆ ಕೊಟ್ಟಳು. “ಇದರಲ್ಲಿ ಇಲ್ಲವಲ್ಲ ಸಾರ್. ಮಾಡಿದ್ರೆ ಕೆಲಸದಿಂದ ತೆಗೀತೀರಿ. ನಿಮ್ಮ ಸಹಿ ಇದೆ ನೋಡಿ, ಇಲ್ಲಿ.”

“ಸಹಿ ಮನೆ ಹಾಳಾಗ. ನಾನು ಹೇಳ್ತಿದೀನಿ, ಮಾಡು.”

“ಯಾರು ಹೇಳಿದ್ರೂ ಅಂತ ಬರೆದಿದೆ ಸಾರ್. ಗೇಟಣ್ಣ ಮೂರು ಸಲ ಓದ್ದ.”

ಅಧ್ಯಕ್ಷರು ವಕೀಲರನ್ನು ಕೂಗಿದರು. ವಕೀಲರು ಮೂಗಿಗೆ ಕರವಸ್ತ್ರ ಹಿಡಿದು ಇಳಿದು ಬಂದರು. ಚೇಂಬರು ಅಂತ ಒಂದು ಸಾಲು ಸೇರಿಸಿ ಎಂದು ಅಧ್ಯಕ್ಷರು ಪೆನ್ನು ಕೊಟ್ಟರು. ವಕೀಲರು ಪೆನ್ನು ಮುಟ್ಟಲಿಲ್ಲ. ಹಾಗಾದರೆ ಬಾಯಲ್ಲಿ ಹೇಳಿ ಎಂದರು ಅಧ್ಯಕ್ಷರು. ಬಾಯಲ್ಲಿ ಹೇಳಿದರೆ ಕೇಳಿಸಿಕೊಂಡ ಸಾಕ್ಷಿಗಳು ಇಷ್ಟು ಜನ ಇದ್ದಾರಲ್ಲ ಎಂದು ವಕೀಲರು ಸುತ್ತಲೂ ತೋರಿಸಿದರು. ನಿಜವಾಗಿಯೂ ಜನ ಸೇರಿದ್ದರು. ಗೇಟಣ್ಣ ಇದ್ದ, ಕಾರು ತೊಳೆಯುವ ಇಬ್ಬರಿದ್ದರು, ಮನೆಗೆಲಸದ ಹೆಂಗಸರು ಏಳೆಂಟು ಮಂದಿ ಇದ್ದರು. ಯಾರೂ ಮಾತಾಡಲಿಲ್ಲ. ಮಾತಾಡದೆ ನಿಂತು ನೋಡುವುದು ಹೇಗೆಂದು ಅವರಿಗೆ ಹೋದ ಭಾನುವಾರ ತೋರಿಸಿಕೊಟ್ಟಿದ್ದರು.

ಚರಂಡಿ ಹೀರುವ ಯಂತ್ರದ ಲಾರಿಗೆ ಫೋನು ಮಾಡಿದರು. ಭಾನುವಾರ, ನಾಳೆ ಮಧ್ಯಾಹ್ನ ಬರುತ್ತೇವೆ ಎಂದರು. ಅಷ್ಟರವರೆಗೆ ಯಾರೂ ನೀರು ಬಿಡಬಾರದು ಎಂದು ಅಧ್ಯಕ್ಷರು ಮನೆ ಮನೆಗೂ ಹೇಳಿ ಕಳಿಸಿದರು. ಕಾರಿದ್ದವರಿಗೆ ನೆಂಟರ ನೆನಪಾಯಿತು. ಹಾಗೆ ಮೊದಲು ಹೊರಟವರು ವಕೀಲರು. ಉಳಿದವರು ಒಬ್ಬೊಬ್ಬರಾಗಿ ಗೇಟಿನ ಕಡೆ ನಡೆದರು. ಗೇಟಣ್ಣ ಅಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದ.

“ಹೆಸರು ಹೇಳಿ ಮೇಡಂ. ಹೊರಟಿದ್ದು ಎಂಟು ಇಪ್ಪತ್ತು. ಕಾರಣ, ಒಂದಕ್ಕಾ ಎರಡಕ್ಕಾ? ತಪ್ಪು ತಿಳ್ಕೋಬೇಡಿ, ಕಾಲಂ ಖಾಲಿ ಬಿಡಬಾರದು ಅಂತ ನೀವೇ ಹೇಳಿದ್ರಿ.”

ಕಾರ್ಯದರ್ಶಿ ಮೇಡಂ ಹಿಂದಕ್ಕೆ ಬಂದುಬಿಟ್ಟರು, ಅವರ ಹಿಂದಿದ್ದವರೂ ಬಂದರು. ಅಧ್ಯಕ್ಷರು ಗೇಟಿನವರೆಗೂ ಹೋಗಲಿಲ್ಲ. ಅವರಿಗೆ ಮಂಡಿನೋವು, ಅದಕ್ಕಿಂತ ಹೆಚ್ಚಾಗಿ, ಗಂಟೆಗೊಮ್ಮೆ ಎದ್ದು ಹೋಗಬೇಕಾದ ವಯಸ್ಸು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಿದ್ದವರು ತಟ್ಟನೆ ಪಂಪಿನ ಮನೆಯ ಕಡೆ ನೋಡಿದರು. ಆ ಹಳೇದರ ಪೈಪು ಬೇರೆ ಅಲ್ವಾ ಎಂದು ಕೇಳಿದರು.

“ಬೇರೆ ಸಾರ್. ನಮ್ಮ ಯಜಮಾನ್ರು ಹಾಕಿದ್ದು. ನೆಟ್ಟಗಿದೆ.”

ಅಧ್ಯಕ್ಷರು ಒಳಗಿನಿಂದ ಕೀ ತಂದು ಅವಳ ಕೈಗೆ ಹಾಕಿದರು. ಕುರ್ಚಿ ತೆಗಿ ಎಂದರು.

“ಕುರ್ಚಿ ತೆಗೆಯೋದು ಪಟ್ಟಿಯಲ್ಲಿದೆ ಸಾರ್” ಎಂದಳು ಬಿದಿರಮ್ಮ. “ನಾಲ್ಕನೇದು.”

ಅವಳು ಒಂದು ಕುರ್ಚಿ ತಂದಳು. ಮೇಲಿಂದ ಕೆಳಗೆ ಒರೆಸಿದಳು. ಹಿತ್ತಲಿನಲ್ಲಿ ಸಾಲು ನೋಡಿ ಇಟ್ಟಳು. ಇನ್ನೊಂದು ತರಲು ಹೋದಳು. ಒರೆಸಬೇಡ, ಬಿಸಾಕು ಎಂದು ಅಧ್ಯಕ್ಷರು ಹಲ್ಲು ಕಚ್ಚಿ ಹೇಳಿದರು. ಬಣ್ಣ ಹೋಗುತ್ತೆ ಸಾರ್ ಎಂದಳು. ಕುರ್ಚಿ ಬಂದ ಹಾಗೆ ಜನ ಕೂರತೊಡಗಿದರು. ಕೂತರೆ ತಡೆದುಕೊಳ್ಳುವುದು ಸುಲಭ. ಮೊದಲ ಮಹಡಿ ಕೂತಿತು, ಮೂರನೆಯ ಮಹಡಿ ಅದರ ಪಕ್ಕ ಕೂತಿತು. ನಲವತ್ತನೆಯ ಕುರ್ಚಿ ಹಾಕಿದಾಗ ನಲವತ್ತೂ ತುಂಬಿದ್ದವು. ಸಂಘ ಶುರುವಾದಾಗಿನಿಂದ ಯಾವ ಸಭೆಗೂ ಇಷ್ಟು ಜನ ಬಂದಿರಲಿಲ್ಲ. ಒಂಬತ್ತು ನಾಯಿಗಳು ಮಾತ್ರ ತಮ್ಮ ಮರಳಿನ ಮೂಲೆಗೆ ನೆಮ್ಮದಿಯಾಗಿ ಹೋಗಿ ಬರುತ್ತಿದ್ದವು.

ಬಿದಿರಮ್ಮ ಕುಳಿಯ ಮೇಲಿನ ಹಲಗೆ ಎತ್ತಿ ಹೊರಗಿಟ್ಟಳು. ಒಂದು ಬಕೆಟ್ ನೀರು ಹುಯ್ದಳು. ಗುಳುಕ್ಕೆಂದು ಒಂದೇ ಗುಟುಕಿಗೆ ಹೋಯಿತು. ಅಧ್ಯಕ್ಷರು ಎದ್ದು ಟವೆಲು ಬಿಗಿ ಮಾಡಿಕೊಂಡು ಎರಡು ಹೆಜ್ಜೆ ಬಂದರು.

“ಬಾರಮ್ಮ” ಎಂದು ಬಿದಿರಮ್ಮ ಸೊಸೆಯನ್ನು ಕರೆದಳು.

ಸೊಸೆ ಕೆಲಸದವರ ಗುಂಪಿನಿಂದ ಹೊಟ್ಟೆ ಹಿಡಿದುಕೊಂಡು ಬಂದಳು. ಎಲ್ಲರ ಮುಂದೆ, ಆ ದಿನ ಟೀವಿಯಲ್ಲಿ ತನ್ನನ್ನು ನೋಡಿದವರ ಮುಂದೆ, ತಲೆ ತಗ್ಗಿಸದೆ ನಡೆದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಲವತ್ತು ಕುರ್ಚಿಗಳಿಗೂ ಒಳಗಿನ ಸದ್ದು ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ಕಾರ್ಯದರ್ಶಿ ಮೇಡಂ ಬೇರೆ ಏನೂ ಹೊಳೆಯದೆ, ಇವತ್ತು ಭಾನುವಾರ ಅಲ್ವಾ, ತಪ್ಪೊಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿದರು.

“ಒಳಗೆ ತಗೊಂಡೋಗಿದಾಳೆ ಮೇಡಂ” ಎಂದಳು ಬಿದಿರಮ್ಮ.

ಸೊಸೆ ಬರಿಗೈಯಲ್ಲಿ ಹೊರಗೆ ಬಂದಳು. ಅವಳ ಮುಖ ನೋಡಿ ಕಾರು ತೊಳೆಯುವವನೊಬ್ಬ ನಕ್ಕುಬಿಟ್ಟ. ಅವಳೂ ನಕ್ಕಳು.

ಅಧ್ಯಕ್ಷರು ಈಗ ಬಾಗಿಲ ಬಳಿಯೇ ಇದ್ದರು. ಬಿದಿರಮ್ಮ ಅವರನ್ನು ದಾಟಿಕೊಂಡು, ಒಂದು ಕೈಯಲ್ಲಿ ಹಿತ್ತಾಳೆಯ ಬೀಗ ಕೀ, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದು ಒಳಗೆ ಹೋದಳು. ತಗಡಿನ ಬಾಗಿಲು ಎಳೆದುಕೊಂಡು ಚಿಲಕ ಹಾಕಿದಳು.

ಒಳಗೆ ತಂಪಾಗಿತ್ತು. ಗೋಡೆಯ ಮೇಲೆ ಗಂಡನ ಕರಣೆಯ ಗುರುತು ಇನ್ನೂ ಇತ್ತು. ಬೀಗವನ್ನು ಎರಡೂ ಕೈಯಿಂದ ಒತ್ತಿ ಕ್ಲಿಕ್ಕೆಂದು ಮುಚ್ಚಿ ಮೊಳೆಗೆ ತೂಗುಹಾಕಿದಳು. ಕೀಯನ್ನು ಕುಳಿಯೊಳಕ್ಕೆ ಬಿಟ್ಟು ನೀರು ಹುಯ್ದಳು. ನೆಟ್ಟನೆಯ ಕೊಳವೆ, ಎಲ್ಲೂ ತಡವರಿಸದೆ ಬೀದಿಗೆ ಹೋಯಿತು. ಆಮೇಲೆ ಕೂತಳು. ಮೂರು ತಿಂಗಳ ಉರಿ ಒಂದೇ ಸಲಕ್ಕೆ ಇಳಿಯುವಂಥದ್ದಲ್ಲ. ಅವಳಿಗೂ ಅವಸರವಿರಲಿಲ್ಲ.

“ಅಕ್ಕ” ಎಂದು ಗೇಟಣ್ಣನ ದನಿ ಹೊರಗಿನಿಂದ ಕೇಳಿಸಿತು. “ಹದಿನೈದು ನಿಮಿಷ ಆಯ್ತು ಅಂತ ಹೇಳು ಅಂತಿದಾರೆ ಅಧ್ಯಕ್ಷರು.”

“ಬರ್ಕೋ ಅಣ್ಣ” ಎಂದಳು.

ಮೊದಲು ಬೆರಳಿನ ಗಿಣ್ಣಿನಿಂದ, ಆಮೇಲೆ ಅಂಗೈಯಿಂದ, ಆಮೇಲೆ ಮುಷ್ಟಿಯಿಂದ ತಗಡು ಬಡಿಯುವ ಸದ್ದಾಯಿತು. ಬಾಗಿಲು ನಡುಗಿತು, ಮೊಳೆಯ ಮೇಲಿನ ಬೀಗ ತೂಗಾಡಿತು. ಬಿದಿರಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಕತ್ತು ಮೇಲೆತ್ತಿ, ಗಟಗಟನೆ ಇನ್ನಷ್ಟು ನೀರು ಕುಡಿದಳು.